ಪೊರೆ ತೆಗೆಸಿದ ಮೇಲೆ ನಿಮಗೂ ಬಣ್ಣ ಬೇರೆ ಥರ ಕಾಣ್ತಿದೆಯಾ? ಹಾಸನ, ಚಿಕ್ಕಮಗಳೂರು ಕಡೆಯವರು ಬನ್ನಿ

ಹಾಸನದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು ನಾನು. ಹೋದ ತಿಂಗಳು ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಎಡಗಣ್ಣಿನದು ಇನ್ನೂ ಹಾಗೇ ಇದೆ. ಹೀಗಾಗಿ ಸದ್ಯಕ್ಕೆ ನನಗೆ ಎರಡು ನೋಟ. ಎಡಗಣ್ಣು ಮುಚ್ಚಿಕೊಂಡರೆ ನಡುಮನೆಯ ಗೋಡೆ ಅಚ್ಚ ಬಿಳಿ. ಬಲಗಣ್ಣು ಮುಚ್ಚಿಕೊಂಡರೆ ಅದೇ ಗೋಡೆ ಟೀ ಚೆಲ್ಲಿದ ಕಾಗದದ ಹಾಗೆ. ನಮ್ಮ ಮನೆಯವರ ಒಂದು ಸೀರೆಯನ್ನು ಬೂದು ಬಣ್ಣದ್ದು ಅಂತಲೇ ತಿಳಿದಿದ್ದೆ. ಅದು ಕಡು ನೇರಳೆ!

ವೈದ್ಯರನ್ನು ಕೇಳಿದೆ. ವಯಸ್ಸಾಗ್ತಾ ಕಣ್ಣೊಳಗಿನ ಮಸೂರ ಹಳದಿಗೆ ತಿರುಗುತ್ತಂತೆ, ನೀಲಿ ಬೆಳಕನ್ನು ಬಹಳಷ್ಟು ತಡೆದುಬಿಡುತ್ತಂತೆ. ವರ್ಷಗಟ್ಟಲೆ ನಿಧಾನವಾಗಿ ಆಗೋದರಿಂದ ಮಿದುಳು ಅದಕ್ಕೇ ಹೊಂದಿಕೊಂಡು ಹೋಗುತ್ತೆ, ಕಳಕೊಂಡಿದ್ದು ನಮಗೆ ತಿಳಿಯೋದಿಲ್ಲ. 2022ರಲ್ಲಿ ಚಂದ್ರದ್ರೋಣದ ಬೆಟ್ಟಗಳಲ್ಲಿ ಕುರಿಂಜಿ ಅರಳಿದಾಗ ಮಗ ಕರೆದುಕೊಂಡು ಹೋಗಿದ್ದ. ಜನ ಆ ನೀಲಿ ನೋಡಿ ಕುಣಿದಾಡುತ್ತಿದ್ದರು, ನನಗೆ ಕಂಡದ್ದು ಮಂಕು ಗುಡ್ಡ. ಅವತ್ತು ಮಗ ತೆಗೆದ ಫೋಟೋವನ್ನು ಮೊನ್ನೆ ಬಲಗಣ್ಣಲ್ಲಿ ನೋಡಿದೆ. ಎಷ್ಟು ಹೊತ್ತು ನೋಡಿದರೂ ಸಾಕಾಗಲಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ಪರೀಕ್ಷೆ ಮಾಡುವಾಗ ನನ್ನ ಕಣ್ಣಿನ ನರದ ಮೇಲೆ ವೈದ್ಯರಿಗೆ ಸ್ವಲ್ಪ ಸಂಶಯ ಬಂತು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳು ಮಾಡುವ ಕಾಯಿಲೆ, ಇತ್ತಾ ಅಂತ ಕೇಳಿದರು. ನಮ್ಮಪ್ಪ ಕೊನೆಗಾಲದಲ್ಲಿ ಎದುರಿಗೆ ಕೂತವರನ್ನು ಸಲೀಸಾಗಿ ಗುರುತು ಹಿಡಿಯುತ್ತಿದ್ದರು, ಪಕ್ಕದಲ್ಲಿಟ್ಟ ಚೊಂಬು ಮಾತ್ರ ಕಾಣುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಹೆಗಲು ತಾಗುತ್ತಿತ್ತು. ವಯಸ್ಸಾಯ್ತು ಅಂದುಕೊಂಡು ಎಲ್ಲರೂ ಸುಮ್ಮನಿದ್ದರು. ಅದು ಗ್ಲಾಕೋಮಾ ಇದ್ದಿರಬಹುದು ಅಂತ ಈಗ ವೈದ್ಯರು ಹೇಳ್ತಾರೆ. ನನ್ನ ಒಡಹುಟ್ಟಿದವರನ್ನೆಲ್ಲ ತೋರಿಸಿ ಅಂದಿದ್ದಾರೆ.

ಈ ದಾರಿಯಲ್ಲಿ ಹೋಗಿ ಬಂದವರು ಇದ್ದೀರಾ? ನಿಮಗೆ ಏನು ಕಂಡಿತು, ಏನು ಕಾಣದೇ ಹೋಯಿತು, ಬರೆಯಿರಿ.

ಮೂಡಿಗೆರೆ ತೋಟದವನು:

ಮೇಷ್ಟ್ರೇ, ನನ್ನದು ಎರಡೂ ಕಣ್ಣು ಇನ್ನೂ ಬಾಕಿ. ಹಗಲು ಹೇಗೋ ನಡೆಯುತ್ತೆ. ರಾತ್ರಿ ಚಾರ್ಮಾಡಿ ಘಾಟಿ ಇಳಿಯೋದು ನಿಲ್ಲಿಸಿದ್ದೀನಿ. ಎದುರಿಗೆ ಬರೋ ಗಾಡಿಯ ಲೈಟು ಒಡೆದು ಚೆಲ್ಲಾಪಿಲ್ಲಿ ಆಗುತ್ತೆ, ಸುತ್ತ ಬಳೆ ಕಟ್ಟುತ್ತೆ, ಆ ಒಂದೆರಡು ಕ್ಷಣ ರಸ್ತೆಯ ಅಂಚು ಎಲ್ಲಿದೆ ಅಂತಲೇ ಗೊತ್ತಾಗಲ್ಲ. ಮಂಜು ಬಿದ್ದರಂತೂ ಮುಗೀತು. ಹಗಲಿನ ಪರೀಕ್ಷೆಯಲ್ಲಿ ಅಕ್ಷರದ ಸಾಲು ಚೆನ್ನಾಗೇ ಓದ್ತೀನಿ. ಅದಕ್ಕೇ ಮನೆಯವರು ‘ಪೊರೆ ಹಣ್ಣಾಗಲಿ, ಆಮೇಲೆ ತೆಗೆಸಿದರಾಯ್ತು’ ಅಂತಾರೆ. ಕಾಯಬೇಕಾ?

ತಾಲ್ಲೂಕು ಆಸ್ಪತ್ರೆಯ ನೇತ್ರ ಸಹಾಯಕ:

ಕಾಯಬೇಡಿ ಅಣ್ಣ. ಹಣ್ಣಾಗೋವರೆಗೆ ಕಾಯಬೇಕು ಅನ್ನೋದು ಹಳೇ ಶಸ್ತ್ರಚಿಕಿತ್ಸೆಯ ಕಾಲದ ಮಾತು. ಆಗ ಕಣ್ಣನ್ನು ದೊಡ್ಡದಾಗಿ ಕೊಯ್ದು ಮಸೂರವನ್ನು ಇಡಿಯಾಗಿ ಹೊರಗೆ ತೆಗೆಯುತ್ತಿದ್ದರು. ಈಗಿನ ಫೇಕೋ ವಿಧಾನದಲ್ಲಿ ಮೂರು ಮಿಲಿಮೀಟರಿಗಿಂತ ಕಮ್ಮಿ ಸೀಳಿನಲ್ಲಿ ಸೂಜಿ ಒಳಗೆ ಹಾಕಿ, ಅಲ್ಟ್ರಾಸೌಂಡ್ ಕಂಪನದಿಂದ ಪೊರೆಯನ್ನು ಪುಡಿ ಮಾಡಿ ಹೀರಿ ತೆಗೀತಾರೆ. ಪೊರೆ ತೀರಾ ಗಟ್ಟಿಯಾದಷ್ಟೂ ಪುಡಿ ಮಾಡೋದು ಕಷ್ಟ, ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ಅಂದರೆ ಕಾರ್ನಿಯಾಗೆ, ಪೆಟ್ಟು ಜಾಸ್ತಿ. ನಿಮ್ಮ ದಿನದ ಕೆಲಸಕ್ಕೆ ತೊಂದರೆ ಆಗ್ತಿದೆ ಅಂದರೆ ಅದೇ ತೆಗೆಸುವ ಹೊತ್ತು. ಘಾಟಿಯಲ್ಲಿ ಗಾಡಿ ಓಡಿಸೋರಿಗೆ ಆ ತೊಂದರೆ ಸಣ್ಣದಲ್ಲ.

ಇನ್ನೆರಡು ಮಾತು. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಮಾತ್ರೆ ತಗೊಳ್ಳುತ್ತಿದ್ದರೆ ಕಣ್ಣಿನ ವೈದ್ಯರಿಗೆ ಮೊದಲೇ ಹೇಳಿ, ಹಿಂದೆ ಯಾವಾಗಲೋ ತಗೊಂಡು ಬಿಟ್ಟಿದ್ದರೂ ಹೇಳಿ. ಅದು ಕಣ್ಣಿನ ಪಾಪೆಯ ಸುತ್ತಲಿನ ಪರದೆಯನ್ನು ಸಡಿಲ ಮಾಡುತ್ತೆ. ಗೊತ್ತಿದ್ದರೆ ಅವರು ಅದಕ್ಕೆ ತಯಾರಿ ಮಾಡಿಕೊಳ್ತಾರೆ. ಆಮೇಲೆ ಲೆನ್ಸ್. ದೂರಕ್ಕೂ ಹತ್ತಿರಕ್ಕೂ ಒಂದೇ ಲೆನ್ಸ್ ಅಂತ ಮಲ್ಟಿಫೋಕಲ್ ತೋರಿಸ್ತಾರೆ. ಅದು ಹಾಕಿಸಿಕೊಂಡ ಕೆಲವರಿಗೆ ರಾತ್ರಿ ದೀಪದ ಸುತ್ತ ಬಳೆ ಕಾಣುತ್ತೆ. ರಾತ್ರಿ ಗಾಡಿ ಓಡಿಸೋರಿಗೆ, ಗ್ಲಾಕೋಮಾ ಅಥವಾ ಅಕ್ಷಿಪಟಲದ (ಕಣ್ಣಿನ ಹಿಂಭಾಗದ ಪರದೆ) ಕಾಯಿಲೆ ಇರೋರಿಗೆ ಸಾಮಾನ್ಯವಾಗಿ ಒಂದೇ ದೂರಕ್ಕೆ ಹೊಂದುವ ಸಾದಾ ಮಾನೋಫೋಕಲ್ ಮೇಲು. ಓದಲು ಕನ್ನಡಕ ಬೇಕಾಗುತ್ತೆ, ಅಷ್ಟೇ.

ಮೇಷ್ಟ್ರೇ, ನಿಮ್ಮ ತಂದೆಯವರ ವಿಷಯ ಓದಿ ಮನಸ್ಸಿಗೆ ಬಹಳ ಬೇಜಾರಾಯ್ತು. ಪೊರೆಯಿಂದ ಹೋದ ದೃಷ್ಟಿ ವಾಪಸ್ಸು ಬರುತ್ತೆ, ಗ್ಲಾಕೋಮಾದಿಂದ ಹೋದದ್ದು ಬರಲ್ಲ. ಸಾಮಾನ್ಯವಾಗಿ ನೋವಿಲ್ಲದೆ, ಪಕ್ಕದ ನೋಟದಿಂದ ಶುರುವಾಗಿ ಒಳಗೆ ಬರುತ್ತೆ. ನಿಮ್ಮ ತಮ್ಮಂದಿರು, ಅಕ್ಕತಂಗಿಯರು, ನಲವತ್ತು ದಾಟಿದ ಮಕ್ಕಳು ಎಲ್ಲರೂ ಬರಲಿ. ಬರೀ ಕಣ್ಣಿನ ಒತ್ತಡ ಅಳೆಸಿ ವಾಪಸ್ ಹೋಗಬಾರದು. ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದ ಒಳಗಿರುತ್ತೆ, ಆದರೆ ಅಷ್ಟೇ ಒತ್ತಡ ಇದ್ದೂ ನರ ಹಾಳಾಗೋರಿದ್ದಾರೆ. ಪಾಪೆ ಹಿಗ್ಗಿಸೋ ಹನಿ ಹಾಕಿ ನರ ನೋಡಬೇಕು, ಪಕ್ಕದ ನೋಟ ಅಳೆಯುವ ಫೀಲ್ಡ್ ಟೆಸ್ಟ್ ಆಗಬೇಕು.

ಬೇಲೂರಿನ ಗೈಡ್:

ನನ್ನ ಹೊಟ್ಟೆಪಾಡೇ ಕಣ್ಣು. ಚೆನ್ನಕೇಶವ ದೇವಸ್ಥಾನ ತೋರಿಸುತ್ತಾ ತಲೆ ನರೆತಿದೆ. 1117, ವಿಷ್ಣುವರ್ಧನ, ಬಳಪದ ಕಲ್ಲು, ದರ್ಪಣ ಸುಂದರಿ. ಇದನ್ನೆಲ್ಲ ನಿದ್ದೆಯಲ್ಲೂ ಹೇಳ್ತೀನಿ. ಒಂದು ದಿನ ಒಂದು ಕಣ್ಣಿಗೆ ಧೂಳು ಬಿದ್ದು ಅದನ್ನು ಮುಚ್ಚಿಕೊಂಡು ಇನ್ನೊಂದರಲ್ಲಿ ನೋಡಿದೆ. ಗೋಡೆಯ ನೆಟ್ಟಗಿನ ಅಂಚು ನಡುವೆ ಸೊಟ್ಟಗಾಗಿತ್ತು! ಕಲ್ಲು ಸೊಟ್ಟ ಆಗಲ್ಲವಲ್ಲ. ಆ ವಾರವೇ ತೋರಿಸಿದೆ. ವಯಸ್ಸಿನಿಂದ ಬರುವ ಅಕ್ಷಿಪಟಲದ ಮಧ್ಯಭಾಗದ ಸವೆತ, ಅದರಲ್ಲೂ ಹೊಸ ರಕ್ತನಾಳ ಬೆಳೆದು ಸೋರುವ ಬಗೆ ಅಂದರು. ಕಣ್ಣಿನೊಳಕ್ಕೆ ಇಂಜೆಕ್ಷನ್ ಅಂದಾಗ ಕೈಕಾಲು ನಡುಗಿತು. ಮರಗಟ್ಟಿಸೋ ಹನಿ ಹಾಕಿದ ಮೇಲೆ ಒತ್ತಿದ ಹಾಗೆ ಆಗುತ್ತೆ ಅಷ್ಟೇ, ಹೆದರುವಂಥದ್ದಲ್ಲ. ಸೋರೋದು ನಿಂತಿದೆ. ಒಂದು ಸಲಕ್ಕೆ ಮುಗಿಯಲ್ಲ, ಮತ್ತೆ ಮತ್ತೆ ಹೋಗಬೇಕು.

ಮನೆಯಲ್ಲಿ ಚೌಕುಳಿ ಹಾಳೆ ಅಂಟಿಸಿಕೊಂಡಿದ್ದೀನಿ, ಆಮ್ಸ್ಲರ್ ಗ್ರಿಡ್ ಅಂತಾರೆ. ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣಲ್ಲಿ ನಡುವಿನ ಚುಕ್ಕೆ ನೋಡಬೇಕು. ಗೆರೆ ಸೊಟ್ಟಗಾದರೆ, ಎಲ್ಲಾದರೂ ಅಳಿಸಿದ ಹಾಗೆ ಕಂಡರೆ ತಡ ಮಾಡದೆ ಹೋಗಬೇಕು. ಎರಡೂ ಕಣ್ಣು ತೆರೆದು ನೋಡಿದರೆ ಚೆನ್ನಾಗಿರೋ ಕಣ್ಣು ಇನ್ನೊಂದರ ಕುಂದನ್ನು ಮುಚ್ಚಿಬಿಡುತ್ತೆ. ದಯವಿಟ್ಟು ಇದನ್ನು ಓದುತ್ತಿರುವ ಎಲ್ಲರೂ ಈಗಲೇ ಒಂದು ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಿ, ಆಮೇಲೆ ಇನ್ನೊಂದು.

ಮದನಿಕೆಯೊಬ್ಬಳ ತಲೆಯ ಮೇಲಿನ ಬಳ್ಳಿಯಲ್ಲಿ ಹಣ್ಣು ಇದೆ, ಹಣ್ಣಿನ ಮೇಲೆ ನೊಣ, ನೊಣ ಹಿಡಿಯಲು ಹೊಂಚು ಹಾಕಿದ ಹಲ್ಲಿ. ಮೊದಲೆಲ್ಲ ಕೈ ತೋರಿಸಿ ಮುಂದೆ ಹೋಗ್ತಿದ್ದೆ. ಈಗ ಅಲ್ಲಿ ನಿಲ್ತೀನಿ. ಒಂದು ನೊಣಕ್ಕೆ ಅಷ್ಟು ಕಣ್ಣು ಕೊಟ್ಟ ಆ ರೂವಾರಿ ಎಂಥ ನೋಟದವನಿರಬೇಕು. ಪ್ರವಾಸಿಗರಿಗೆ ಈಗ ನಾನು ಅವಸರ ಮಾಡಲ್ಲ.

ಕೊಪ್ಪದ ಸೊಸೆ:

ಗೈಡಣ್ಣ, ನಮ್ಮ ಅತ್ತೆಗೂ ನೀವು ಹೇಳಿದ ಕಾಯಿಲೆಯೇ. ಆದರೆ ಅವರದ್ದು ಎರಡೂ ಕಣ್ಣಿನ ನಡುವಿನ ನೋಟ ಹೆಚ್ಚುಕಮ್ಮಿ ಹೋಗಿಬಿಟ್ಟಿದೆ. ಮುಖ ಕಾಣಲ್ಲ, ಅಂಚಿನಲ್ಲಿ ಕಾಣುತ್ತೆ. ನನ್ನನ್ನು ನೋಡಬೇಕಾದರೆ ನನ್ನ ಕಿವಿಯ ಕಡೆಗೆ ದಿಟ್ಟಿ ಇಟ್ಟು ನೋಡ್ತಾರೆ. ಅದು ಅವರೇ ಕಂಡುಕೊಂಡ ಉಪಾಯ.

ಇಲ್ಲಿ ಬರೀಲಿಕ್ಕೆ ಬಂದದ್ದು ಬೇರೆ ವಿಷಯಕ್ಕೆ. ಹೋದ ಮಳೆಗಾಲದಲ್ಲಿ ಒಂದು ಸಂಜೆ ಜಗಲಿ ಮೇಲೆ ಕೂತವರು, ‘ಅಂಗಳದಲ್ಲಿ ಯಾರೇ ಅದು, ರೇಷ್ಮೆ ಲಂಗ ಹಾಕ್ಕೊಂಡ ಹುಡುಗಿಯರು, ಒಳಗೆ ಕರಿ, ನೆನೀತಾರೆ’ ಅಂದರು. ಅಂಗಳದಲ್ಲಿ ಯಾರೂ ಇರಲಿಲ್ಲ. ಮರುದಿನ ಅಡಿಕೆ ಚಪ್ಪರದ ಕೆಳಗೆ ಸಣ್ಣ ಸಣ್ಣ ಜನ, ಟೋಪಿ ಹಾಕಿದವರು, ಸಾಲಾಗಿ ಹೋಗ್ತಿದ್ದಾರೆ ಅಂದರು. ಮಾತಾಡ್ತಾರಾ ಅಂದರೆ, ‘ಇಲ್ಲ, ಸುಮ್ಮನೆ ಹೋಗ್ತಾರೆ’. ನೆಂಟರೊಬ್ಬರು ಬಂದು ಗಾಳಿ ಸೋಕಿದೆ ಅಂದರು, ಮಂತ್ರಿಸಿದ ದಾರ ಕಟ್ಟಿದರು. ಇನ್ನೊಬ್ಬರು ಅರಳುಮರಳು ಅಂದರು. ಅತ್ತೆ ಅವತ್ತಿಂದ ಬಾಯಿ ಬಿಡಲಿಲ್ಲ. ಅವರಿಗೆ ಮರೆವು ಚೂರೂ ಇಲ್ಲ ಮಾರಾಯ್ರೇ, ಯಾವ ಕೊನೆಗೆ ಎಷ್ಟು ಅಡಿಕೆ ಬಂತು ಅಂತ ಇವತ್ತಿಗೂ ಬಾಯಿಲೆಕ್ಕ ಹೇಳ್ತಾರೆ.

ಒಂದು ರಾತ್ರಿ ನನ್ನ ಕೈ ಹಿಡಿದು, ‘ನನಗೆ ಹುಚ್ಚು ಹಿಡೀತಿದೆಯೇನೇ’ ಅಂತ ಕೇಳಿದರು. ಆಗಿಂದ ನನಗೆ ನಿದ್ದೆ ಇಲ್ಲ. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ನೇತ್ರ ಸಹಾಯಕ:

ಅಕ್ಕ, ಇದನ್ನು ಅತ್ತೆಯವರಿಗೆ ಇವತ್ತೇ ಓದಿ ಹೇಳಿ. ಇದು ಹುಚ್ಚಲ್ಲ, ಗಾಳಿಯೂ ಅಲ್ಲ. ಇದಕ್ಕೆ ಚಾರ್ಲ್ಸ್ ಬೊನೆ ಸಿಂಡ್ರೋಮ್ ಅಂತಾರೆ. ಬೊನೆ ಅನ್ನುವ ಸ್ವಿಟ್ಜರ್ಲೆಂಡಿನ ವಿಜ್ಞಾನಿ 1760ರಲ್ಲಿ ತನ್ನ ತಾತನಿಗೆ ಹೀಗೆ ಆಗುತ್ತಿದ್ದುದನ್ನು ಬರೆದಿಟ್ಟ. ಆ ತಾತನಿಗೂ ಪೊರೆಯಿಂದ ಕಣ್ಣು ಮಂದವಾಗಿತ್ತು, ಬುದ್ಧಿ ಚುರುಕಾಗಿಯೇ ಇತ್ತು. ಜನ, ಹಕ್ಕಿ, ಗಾಡಿ, ಕಟ್ಟಡ ಎಲ್ಲಾ ಕಾಣಿಸುತ್ತಿದ್ದವು.

ಕಣ್ಣಿಂದ ಮಿದುಳಿಗೆ ಹೋಗಬೇಕಾದ ಚಿತ್ರ ಕಮ್ಮಿಯಾದಾಗ, ನೋಡುವ ಕೆಲಸದ ಮಿದುಳಿನ ಭಾಗ ಸುಮ್ಮನೆ ಕೂರದೆ ತಾನೇ ಚಿತ್ರ ಹುಟ್ಟಿಸುತ್ತೆ. ಸದ್ದು ಇರಲ್ಲ, ಬರೀ ನೋಟ. ಸಣ್ಣ ಆಕಾರದ ಜನ, ವೇಷ ಹಾಕಿದವರು ಕಾಣೋದು ತುಂಬಾ ಜನರ ಅನುಭವ. ಸಂಜೆ ಮಬ್ಬಿನಲ್ಲಿ, ಒಬ್ಬರೇ ಸುಮ್ಮನೆ ಕೂತಾಗ ಜಾಸ್ತಿ. ಕಂಡಾಗ ದೀಪ ಹಾಕಿ, ಕಣ್ಣು ಮಿಟುಕಿಸಲಿ, ದಿಟ್ಟಿಯನ್ನು ಎಡಕ್ಕೆ ಬಲಕ್ಕೆ ಬೇಗ ಬೇಗ ಹೊರಳಿಸಲಿ, ಎದ್ದು ನಾಲ್ಕು ಹೆಜ್ಜೆ ಹಾಕಲಿ. ಬಹಳ ಸಲ ಮಾಯವಾಗುತ್ತೆ. ಒಂದು ಸಲ ವೈದ್ಯರಿಗೆ ಹೇಳಿ, ಯಾಕಂದರೆ ಬೇರೆ ಔಷಧಿಯಿಂದ, ಜ್ವರದಿಂದ, ಮೂತ್ರದ ಸೋಂಕಿನಿಂದ ಹೀಗೆ ಆಗ್ತಿಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಸದ್ದೂ ಕೇಳಿಸಿದರೆ, ಕಂಡದ್ದು ನಿಜ ಅಂತ ಅವರು ಪಟ್ಟು ಹಿಡಿದರೆ ಅದು ಬೇರೆ ವಿಷಯ, ಆಗ ತಡ ಮಾಡಬೇಡಿ.

ಬಾಯಿ ಬಿಡದೆ ಇದನ್ನು ಒಳಗೇ ಇಟ್ಟುಕೊಂಡು ನರಳುವ ಅಜ್ಜ ಅಜ್ಜಿಯರು ಎಷ್ಟೋ. ಹುಚ್ಚು ಅಂದುಬಿಟ್ಟಾರು ಅನ್ನೋ ಭಯ.

ಕೊಪ್ಪದ ಸೊಸೆ:

ಓದಿ ಹೇಳಿದೆ ಅಣ್ಣ. ಎರಡು ಸಲ ಓದಿಸಿದರು. ‘ಹಾಗಾದರೆ ಆ ಹುಡುಗಿಯರು ನನ್ನ ತಲೆಯವೇ’ ಅಂದರು. ಇವತ್ತು ಬೆಳಿಗ್ಗೆ ಯಾರೋ ಬಂದಿದ್ದಾರೆ ಅಂತ ಅವರೇ ನಗುತ್ತಾ ಹೇಳಿದರು. ನಿಮ್ಮ ಉಪಕಾರ ದೊಡ್ಡದು.

ಉಳಿದವರಿಗೆ ನಾನು ಕಲಿತದ್ದೊಂದು ಹೇಳ್ತೀನಿ. ಸ್ಟೀಲ್ ತಟ್ಟೆಯಲ್ಲಿ ಬಿಳಿ ಅನ್ನ ಹಾಕಿದರೆ ಅತ್ತೆಗೆ ಕಾಣುತ್ತಿರಲಿಲ್ಲ. ಅರ್ಧ ತಿಂದು ಎದ್ದುಬಿಡುತ್ತಿದ್ದರು, ಹಸಿವೆ ಇಲ್ಲ ಅಂದುಕೊಂಡಿದ್ದೆವು. ಬಾಳೆ ಎಲೆಯಲ್ಲಿ ಬಡಿಸಿದ ದಿನ ಪೂರಾ ಊಟ ಮಾಡಿದರು. ಹಸಿರಿನ ಮೇಲೆ ಬಿಳಿ ಎದ್ದು ಕಾಣುತ್ತೆ. ಈಗ ಎಲೆ ಇಲ್ಲದ ದಿನ ಕಡು ಬಣ್ಣದ ತಟ್ಟೆ. ಕಾಫಿಗೆ ಬಿಳಿ ಲೋಟ, ಮಜ್ಜಿಗೆಗೆ ಗಾಢ ಬಣ್ಣದ ಲೋಟ. ಬಚ್ಚಲು ಮನೆಯ ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣದ ಪಟ್ಟೆ ಬಳಿಸಿದ್ದೀವಿ.

ಹಾಸನದ ಮೇಷ್ಟ್ರು:

ತಾಯಿ, ನೀವು ಬರೆದ ತಟ್ಟೆಯ ಮಾತನ್ನು ಎಲ್ಲ ಮನೆಯವರೂ ಓದಬೇಕು. ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ಇಪ್ಪತ್ತರ ಕಣ್ಣಿಗೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ ತಲುಪುತ್ತೆ ಅಂತ ವೈದ್ಯರು ಹೇಳಿದರು. ಪಾಪೆ ಕಿರಿದಾಗುತ್ತೆ, ಮಸೂರ ಮಂಕಾಗುತ್ತೆ. ಮನೆಯ ಹಿರಿಯರಿಗೆ ಜೀರೋ ಬಲ್ಬಿನ ಮೂಲೆ ಕೊಡಬಾರದು.

ಕಡೂರಿನವನು:

ಎಲ್ಲರೂ ಆಪರೇಷನ್ ಅಂತೀರಿ. ನಮ್ಮ ಕಡೆ ಕಣ್ಣಿಗೆ ಜೇನುತುಪ್ಪ ಬಿಟ್ಟುಕೊಂಡು ಪೊರೆ ಕರಗಿಸಿಕೊಂಡವರಿದ್ದಾರೆ ಅಂತ ಕೇಳಿದ್ದೀನಿ. ನಮ್ಮ ಹಿರಿಯರಿಗೆ ಏನೂ ಗೊತ್ತಿರಲಿಲ್ಲವಾ? ಶಸ್ತ್ರಚಿಕಿತ್ಸೆ ಬೇಡ ಅನ್ನೋರಿಗೆ ದಾರಿ ಇರಬೇಕಲ್ಲ.

ನೇತ್ರ ಸಹಾಯಕ:

ಹಿರಿಯರಿಗೆ ಗೊತ್ತಿತ್ತು ಅಣ್ಣ. ಮಬ್ಬಾದ ಮಸೂರವನ್ನು ಸೂಜಿಯಂಥ ಸಲಕರಣೆಯಿಂದ ಪಕ್ಕಕ್ಕೆ ಸರಿಸುವ ವಿಧಾನ ಸುಶ್ರುತ ಸಂಹಿತೆಯಲ್ಲೇ ಇದೆ. ಕರಗಲ್ಲ, ಜಾಗದಿಂದ ತೆಗೆಯಬೇಕು ಅನ್ನೋದು ಅವರಿಗೂ ತಿಳಿದಿತ್ತು. ಮಸೂರದ ಪ್ರೋಟೀನ್ ಕೆಟ್ಟು ಗಟ್ಟಿಯಾದದ್ದೇ ಪೊರೆ. ಅದನ್ನು ತಿಳಿಮಾಡುವ ಹನಿ ಇವತ್ತಿನವರೆಗೆ ಯಾವ ಪದ್ಧತಿಯಲ್ಲೂ ಸಾಬೀತಾಗಿಲ್ಲ. ಮನೆಯ ಜೇನುತುಪ್ಪ ಶುದ್ಧೀಕರಿಸಿದ್ದಲ್ಲ, ಕಾರ್ನಿಯಾಗೆ ಸೋಂಕು ತಗುಲಿದರೆ ಇದ್ದ ನೋಟವೂ ಹೋಗುತ್ತೆ. ಅಂಥವರನ್ನು ಕಂಡಿದ್ದೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಳ್ಳೋದೂ ಅಷ್ಟೇ ಅಪಾಯ, ಒತ್ತಡ ಏರಿ ಗ್ಲಾಕೋಮಾ ಬರಬಹುದು.

ಅರಸೀಕೆರೆ ಅಜ್ಜ:

ನಮ್ಮವ್ವನಿಗೆ ಡಾ. ಎಂ.ಸಿ. ಮೋದಿಯವರ ಶಿಬಿರದಲ್ಲಿ ಪೊರೆ ತೆಗೆದಿದ್ದರು. ಶಾಲೆಯಲ್ಲಿ ಸಾಲಾಗಿ ಮಲಗಿಸಿ, ಕಣ್ಣಿಗೆ ಪಟ್ಟಿ ಕಟ್ಟಿ, ಅಲ್ಲಾಡಬೇಡಿ ಅಂತಿದ್ದರು. ಆಗ ಒಳಗೆ ಲೆನ್ಸ್ ಇಡುತ್ತಿರಲಿಲ್ಲ, ಸೋಡಾಬುಡ್ಡಿ ಕನ್ನಡಕವೇ ಗತಿ. ಆದರೂ ಅವ್ವ ಆ ಕನ್ನಡಕ ಹಾಕಿಕೊಂಡು ಮೊದಲು ನನ್ನ ಮುಖ ಮುಟ್ಟಿ ನೋಡಿ, ‘ಎಷ್ಟು ದೊಡ್ಡವನಾಗಿದ್ದೀಯೋ’ ಅಂದಿದ್ದಳು. ಮೋದಿ ಡಾಕ್ಟರನ್ನು ನಮ್ಮ ಮನೆಯಲ್ಲಿ ದೇವರ ಜೊತೆ ನೆನೀತೀವಿ.

ನೇತ್ರ ಸಹಾಯಕ:

ಅಜ್ಜ, ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲೀ ಅನ್ನುವ ವೈದ್ಯರು 1949ರಲ್ಲೇ ಮೊದಲ ಕೃತಕ ಮಸೂರ ಇಟ್ಟಿದ್ದರು. ಯುದ್ಧದಲ್ಲಿ ವಿಮಾನದ ಗಾಜಿನಂಥ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣೊಳಗೆ ಹೊಕ್ಕಿದ್ದರೂ ಕಣ್ಣು ಅದನ್ನು ತಳ್ಳಿಹಾಕದೆ ಸಹಿಸಿಕೊಂಡಿದ್ದನ್ನು ನೋಡಿ ಹೊಳೆದದ್ದು. ಅದು ನಮ್ಮ ಹಳ್ಳಿಗಳವರೆಗೆ ಬರಲು ದಶಕಗಳೇ ಹಿಡಿದವು. ಅಲ್ಲಿವರೆಗೆ ಕತ್ತಲೆ ನೀಗಿದ್ದು ಅಂಥ ಶಿಬಿರಗಳೇ.

ಸಕಲೇಶಪುರದ ಮಗಳು:

ನಾನಿರೋದು ಬೆಂಗಳೂರಲ್ಲಿ, ಅಪ್ಪ ಅಮ್ಮ ಊರಲ್ಲಿ. ಇದನ್ನು ಓದುವವರಿಗೆ ಒಂದೇ ಒಂದು ವಿಷಯ ಹೇಳಬೇಕು. ಅಪ್ಪನಿಗೆ ಕಣ್ಣಮುಂದೆ ಕಪ್ಪು ನುಸಿ ಹಾರಾಡಿದಂತೆ ಆಗ್ತಿತ್ತು, ಆಗಾಗ ಮಿಂಚು. ಒಂದು ಕ್ಲಿನಿಕ್ಕಿನಲ್ಲಿ ‘ಈ ವಯಸ್ಸಿಗೆ ಎಲ್ಲರಿಗೂ ಇರುತ್ತೆ’ ಅಂತ ಹನಿ ಕೊಟ್ಟು ಕಳಿಸಿದರು. ಕೆಲವು ದಿನ ಕಳೆದು ಕೆಳಗಿನಿಂದ ಕಪ್ಪು ಪರದೆ ಏರಿ ಬಂತು. ಅಕ್ಷಿಪಟಲ ಕಳಚಿಕೊಂಡಿತ್ತು. ರಾತ್ರೋರಾತ್ರಿ ಕರೆತಂದೆವು, ಶಸ್ತ್ರಚಿಕಿತ್ಸೆ ಆಯಿತು. ಆದರೆ ನಡುಭಾಗವೂ ಕಳಚಿದ್ದರಿಂದ ಪೂರ್ತಿ ನೋಟ ಬರಲಿಲ್ಲ.

ಹಳೇ ನುಸಿ ಒಂದೆರಡು ಇದ್ದರೆ ಸಾಮಾನ್ಯವಾಗಿ ಭಯವಿಲ್ಲವಂತೆ, ಕಣ್ಣೊಳಗಿನ ಲೋಳೆ ಕುಗ್ಗೋದರಿಂದ ಆಗೋದು. ಇದ್ದಕ್ಕಿದ್ದಂತೆ ಹೊಸದಾಗಿ ರಾಶಿ ನುಸಿ ಬಂದರೆ, ಮಿಂಚಿದರೆ, ಪರದೆ ಬಂದರೆ ಅವತ್ತೇ ಅಕ್ಷಿಪಟಲದ ವೈದ್ಯರ ಹತ್ತಿರ ಹೋಗಿ. ಮೈನಸ್ ಪವರ್ ಜಾಸ್ತಿ ಇರೋರು, ಪೊರೆ ತೆಗೆಸಿಕೊಂಡೋರು ಇನ್ನೂ ಎಚ್ಚರವಾಗಿರಬೇಕು. ಮರುದಿನ ಸಂತೆ ಇದೆ, ಮದುವೆ ಇದೆ ಅಂತ ನಿಲ್ಲಬೇಡಿ.

ಮೂಡಿಗೆರೆ ತೋಟದವನು:

ಈ ಮಾತುಕತೆ ಓದಿ ತೋಟದಲ್ಲಿ ಒಂದು ಕೆಲಸ ಮಾಡಿದೆ. ನಮ್ಮಲ್ಲಿ ಕಾಫಿ ಕುಯ್ಯೋ ಹೆಂಗಸರಲ್ಲಿ ನಲವತ್ತೈದು, ಐವತ್ತು ದಾಟಿದವರೇ ಜಾಸ್ತಿ. ಸಂಜೆ ಕಣದಲ್ಲಿ ಹಸಿ ಕಾಯಿ ಆರಿಸುವಾಗ ಬುಟ್ಟಿಯನ್ನು ದೂರ ಹಿಡಿದು ನೋಡುತ್ತಿದ್ದರು. ಚಾಳೀಸು, ಬೇರೇನಲ್ಲ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕೊಯ್ಲಿನವರಿಗೆ ಹತ್ತಿರದ ಕನ್ನಡಕ ಕೊಟ್ಟು ಮಾಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಗಿದೆ. ಕನ್ನಡಕ ಸಿಕ್ಕವರ ಕೊಯ್ಲು, ಸಿಗದವರಿಗೆ ಹೋಲಿಸಿದರೆ ಶೇ 21.7ರಷ್ಟು ಹೆಚ್ಚಾಗಿತ್ತು. ಅದನ್ನು ಓದಿ ಕಣ್ಣು ಪರೀಕ್ಷೆ ಮಾಡೋರನ್ನು ಲೈನ್ ಮನೆಗೇ ಕರೆಸಿದೆ. ಕೊಯ್ಲು ಎಷ್ಟು ಹೆಚ್ಚಿತು ಅಂತ ಲೆಕ್ಕ ಇಟ್ಟಿಲ್ಲ. ಒಬ್ಬಾಕೆ ಕನ್ನಡಕ ಹಾಕಿಕೊಂಡು ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಮೊಮ್ಮಗನ ತಲೆ ಹಿಡಿದು ಹೇನು ಹುಡುಕಲು ಕೂತಳು. ಇಬ್ಬರಿಗೆ ಪೊರೆ ಇದೆ ಅಂತ ಗೊತ್ತಾಯಿತು, ಮತ್ತೊಬ್ಬರಿಗೆ ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲದಲ್ಲಿ ರಕ್ತ ಚುಕ್ಕೆ. ಅವರಿಗೆ ಸಕ್ಕರೆ ಇದೆ ಅಂತಲೇ ಅವತ್ತಿನವರೆಗೆ ಗೊತ್ತಿರಲಿಲ್ಲ.

ಬೇಲೂರಿನ ಗೈಡ್:

ತೋಟದಣ್ಣ, ಒಳ್ಳೇ ಕೆಲಸ. ನಾನು ಮೊನ್ನೆ ನೇತ್ರದಾನಕ್ಕೆ ಬರೆದುಕೊಟ್ಟೆ. ಅಣ್ಣಾವ್ರು 2006ರಲ್ಲಿ ಕೊಟ್ಟರು, 2021ರಲ್ಲಿ ಅಪ್ಪು ಕಣ್ಣುಗಳಿಂದ ನಾಲ್ವರಿಗೆ ನೋಟ ಬಂತು. ನನ್ನ ಕಾಯಿಲೆ ಕಣ್ಣು ಯಾರಿಗೆ ಬೇಕು ಅಂತ ಮೊದಲು ಅನ್ನಿಸಿತ್ತು. ತಗೊಳ್ಳೋದು ಮುಂದಿನ ಕಾರ್ನಿಯಾ ಮಾತ್ರ, ಹಿಂದಿನ ಪಟಲ ಕೆಟ್ಟಿದ್ದರೂ ಪೊರೆ ತೆಗೆಸಿದ್ದರೂ ಕೊಡಬಹುದು ಅಂದರು. ಮನೆಯವರಿಗೆ ಹೇಳಿಟ್ಟಿದ್ದೀನಿ: ಆರು ಗಂಟೆಯೊಳಗೆ ಫೋನು ಮಾಡಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ಫ್ಯಾನು ಆರಿಸಿ.

ಹಾಸನದ ಮೇಷ್ಟ್ರು:

ಎಲ್ಲರಿಗೂ ಒಂದು ಸುದ್ದಿ. ತಮ್ಮಂದಿರು, ತಂಗಿ ಎಲ್ಲರನ್ನೂ ಹೊರಡಿಸಿ ಪರೀಕ್ಷೆ ಮಾಡಿಸಿದೆ. ನನ್ನ ನರ ಸದ್ಯಕ್ಕೆ ಸರಿ ಇದೆ, ವರ್ಷಕ್ಕೊಮ್ಮೆ ನೋಡಬೇಕು. ಚಿಕ್ಕ ತಮ್ಮನಿಗೆ ಮಾತ್ರ ಎಡಗಣ್ಣಿನ ಪಕ್ಕದ ನೋಟ ಆಗಲೇ ಸ್ವಲ್ಪ ಹೋಗಿದೆ. ಅವನಿಗೆ ಅದು ಗೊತ್ತೇ ಇರಲಿಲ್ಲ, ದಿನಾ ಬೈಕ್ ಓಡಿಸುತ್ತಿದ್ದ. ಹನಿ ಶುರು ಮಾಡಿದ್ದಾರೆ, ಜೀವನಪೂರ್ತಿ ಹಾಕಬೇಕು. ಹನಿ ಹಾಕಿದರೂ ಹೋದ ನೋಟ ಬರೋದಿಲ್ಲವಲ್ಲ, ಮತ್ಯಾಕೆ ಅಂತ ಕೇಳಿದ. ಇದ್ದದ್ದು ಉಳಿಯಲಿ ಅಂತ, ಅಂದೆ. ಇನ್ನು ನಾಲ್ಕು ದಿನಕ್ಕೆ ಬಿಟ್ಟುಬಿಡ್ತಾನೋ ಏನೋ ಅಂತ ರಾತ್ರಿ ಊಟದ ಹೊತ್ತಿಗೆ ನಾನೇ ಫೋನು ಮಾಡಿ ನೆನಪಿಸ್ತಿದ್ದೀನಿ. ಹನಿ ಹಾಕೋ ಕ್ರಮ ಸರಿಯಾಗಿ ತಿಳಿಸ್ತೀರಾ ಸಾರ್? ಅವನು ಒಂದರ ಹಿಂದೊಂದು ಮೂರು ಹನಿ ಹಾಕಿ ಕೆನ್ನೆ ಮೇಲೆಲ್ಲ ಇಳಿಸ್ತಾನೆ.

ನೇತ್ರ ಸಹಾಯಕ:

ಒಂದೇ ಹನಿ ಸಾಕು ಮೇಷ್ಟ್ರೇ, ಕಣ್ಣು ಅದಕ್ಕಿಂತ ಹೆಚ್ಚು ಹಿಡಿದಿಟ್ಟುಕೊಳ್ಳಲ್ಲ. ಕೆಳರೆಪ್ಪೆ ಎಳೆದು ಒಳಗೆ ಬಿಟ್ಟು, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಲ್ಲಿ ಒಂದೆರಡು ನಿಮಿಷ ಒತ್ತಿ ಹಿಡೀಲಿ. ಔಷಧಿ ಗಂಟಲಿಗೆ ಇಳಿಯಲ್ಲ. ಎರಡು ಬಗೆ ಹನಿ ಕೊಟ್ಟಿದ್ದರೆ ನಡುವೆ ಐದು ನಿಮಿಷ ಬಿಡಲಿ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು, ತೆರೆದ ತಾರೀಖು ಬಾಟಲಿ ಮೇಲೆ ಬರೆಯಲಿ, ಸಾಮಾನ್ಯವಾಗಿ ನಾಲ್ಕು ವಾರ ಆದಮೇಲೆ ಬಿಸಾಡಬೇಕು. ಅವರಿಗೆ ಉಬ್ಬಸ ಇದೆಯಾ? ಇದ್ದರೆ ಬಾಟಲಿ ಮೇಲೆ ಟಿಮೊಲಾಲ್ ಅಂತ ಇದೆಯಾ ನೋಡಿ ಹೇಳಿ, ವೈದ್ಯರ ಹತ್ತಿರ ಬದಲಾಯಿಸಿಕೊಳ್ಳಬೇಕಾಗುತ್ತೆ.

ಹಾಸನದ ಮೇಷ್ಟ್ರು:

ಉಬ್ಬಸ ಇಲ್ಲ, ಬೀಡಿ ಮಾತ್ರ ಇದೆ. ಅದನ್ನೂ ಬಿಡಿಸ್ತೀನಿ. ನನ್ನ ಎಡಗಣ್ಣಿಗೆ ಮುಂದಿನ ತಿಂಗಳು ದಿನ ಕೊಟ್ಟಿದ್ದಾರೆ, ಸಾದಾ ಲೆನ್ಸೇ ಹಾಕಿಸ್ತೀನಿ. ಗೈಡಣ್ಣ, ಅದಾದ ಮೇಲೆ ಬೇಲೂರಿಗೆ ಬರ್ತೀನಿ, ಆ ನೊಣ ತೋರಿಸಬೇಕು.